ಸದ್ದು ಯಾರ ಸೊತ್ತು?

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಕೆಳಗೆ ಸೊಸೈಟಿಯ ಗೇಟಿನ ಹತ್ತಿರ ಯಾವುದೋ ಲಾರಿ ಕೆಟ್ಟು ನಿಂತು ಗುರುಗುಟ್ಟಿದಂತಾಯಿತು. ನನ್ನ ಎಡಗಿವಿ ಮಂದ. ಪಿಂಪರಿಯ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದು ಗಳಿಸಿದ ಆಸ್ತಿಯಲ್ಲಿ ಅದೂ ಒಂದು. ಅಂಥ ಕಿವಿಗೇ ಅಷ್ಟು ಕೇಳಿಸಬೇಕಾದರೆ ಉಳಿದವರ ಗತಿಯೇನು ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ನನ್ನಾಕೆ ಹೊರಬಂದು, "ಬಂತ್ ನೋಡ್ರಿ ನಿಮ್ಮ ಮಗನ ಸವಾರಿ" ಎಂದಳು.

ಲಾರಿಯಲ್ಲ, ಮಗನ ಕಾರು. ಎರಡನೆಯ ಕೈಯಿಂದ ಕೊಂಡ ಪೋಲೋ. ನಮ್ಮ ಚಾಕಣದ ಕಾರ್ಖಾನೆಯಲ್ಲಿ ತಯಾರಾಗಿ, 2022ರಲ್ಲಿ ಉತ್ಪಾದನೆ ನಿಂತುಹೋದ ಮಾದರಿ. ಅವನಿಗೆ ಅದರ ಮೇಲೆ ಇರುವ ಪ್ರೀತಿಯನ್ನು ನಾನು ಬಲ್ಲೆ. ಹಿಂದಿನ ದಿನ ಅದನ್ನು ಗ್ಯಾರೇಜಿಗೆ ಬಿಟ್ಟು, ಕಂಪನಿ ಕೊಟ್ಟ ಸೈಲೆನ್ಸರನ್ನು ಬಿಚ್ಚಿಸಿ, ಹೊರಗಿನದೊಂದು ಎಕ್ಸಾಸ್ಟನ್ನು ಹಾಕಿಸಿಕೊಂಡು ಬಂದಿದ್ದ. ಖರ್ಚು 42,000 ರೂಪಾಯಿ. ನನ್ನ ಮೊದಲ ವರ್ಷದ ಪಗಾರ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ, ಆದರೆ ಆ ಮಾತನ್ನು ಆಡಬಾರದೆಂದು ನಾನು ಎಷ್ಟೋ ವರ್ಷಗಳ ಹಿಂದೆಯೇ ಕಲಿತಿದ್ದೇನೆ.

"ಹೆಂಗೈತಿ ಅಪ್ಪಾ ದನಿ?" ಎಂದು ಕೇಳಿದ. ದನಿ ಎಂದ, ಸದ್ದು ಎನ್ನಲಿಲ್ಲ. ವ್ಯತ್ಯಾಸವೆಲ್ಲ ಆ ಒಂದು ಶಬ್ದದಲ್ಲೇ ಇತ್ತು.

"ಮಂದಿ ಮಲಗಿರ್ತಾರಲ್ಲೋ" ಎಂದೆ.

"ನಮ್ಮ ಗಾಡಿ, ನಮ್ಮ ರೊಕ್ಕ. ಅದೂ ಬೆಳಿಗ್ಗೆ ಎಂಟೂವರಿ. ಇಷ್ಟ ಹೊತ್ತಿನ ಮಟಾ ಯಾರ್ ಮಲಗ್ತಾರ?"

ಮೇಲ್ನೋಟಕ್ಕೆ ಇದು ಮನೆಮನೆಯಲ್ಲೂ ಆಗುವ ತಂದೆ-ಮಗನ ಜಗಳ. ಆದರೆ ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾರು ಅವನದು, ಹಣ ಅವನದು, ಕೊಳವೆಯೂ ಅವನದೇ. ಆ ಕೊಳವೆಯಿಂದ ಹೊರಟ ಸದ್ದು ಮಾತ್ರ ಯಾರದು?

ಮೊದಲು ಆ ಕೊಳವೆಯ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳು ಈ ಪ್ಯಾರಾ ಬಿಟ್ಟು ಓದಬಹುದು ಎಂದು ಬರೆಯಲು ಹೊರಟಿದ್ದೆ. ನಮ್ಮ ಸಂಘದ ಎಷ್ಟೋ ಹೆಣ್ಣುಮಕ್ಕಳು ಈಗ ಚಾಕಣ, ಪಿಂಪರಿಗಳಲ್ಲಿ ಇಂಜಿನಿಯರುಗಳೆಂಬುದು ನೆನಪಾಗಿ ಕೈ ತಡೆಯಿತು. ಎಂಜಿನ್ನಿನೊಳಗೆ ಪೆಟ್ರೋಲು ಉರಿದಾಗಲೆಲ್ಲ ಬಿಸಿ ಅನಿಲ ಒಂದೊಂದು ಗುಂಡು ಹಾರಿದಂತೆ ಹೊರಕ್ಕೆ ನುಗ್ಗುತ್ತದೆ. ನಿಮಿಷಕ್ಕೆ ಸಾವಿರಾರು ಗುಂಡುಗಳು. ಸೈಲೆನ್ಸರು ಎಂದರೆ ಈ ಅನಿಲವನ್ನು ತೂತು ಕೊರೆದ ನಳಿಗೆಗಳಲ್ಲೂ ಅಡ್ಡಗೋಡೆಗಳ ಕೋಣೆಗಳಲ್ಲೂ ಸುತ್ತಾಡಿಸಿ, ಒಂದು ಸದ್ದಿನ ಅಲೆ ಇನ್ನೊಂದು ಅಲೆಯನ್ನು ತಿಂದುಹಾಕುವಂತೆ ಮಾಡುವ ಪೆಟ್ಟಿಗೆ. ಅಮೆರಿಕೆಯ ರೀವ್ಸ್ ಸೋದರರು ಇದಕ್ಕೆ ಪೇಟೆಂಟು ಪಡೆದದ್ದು 1897ರಲ್ಲಿ. ಮೋಟಾರು ಹುಟ್ಟಿ ಸರಿಯಾಗಿ ನಡೆಯಲು ಕಲಿಯುವ ಮೊದಲೇ, ಅದರ ಬಾಯಿ ಮುಚ್ಚಿಸಬೇಕೆಂದು ಜನರಿಗೆ ಅನಿಸಿತ್ತು ಎಂದಾಯಿತು.

ಹೊರಗಿನ ಎಕ್ಸಾಸ್ಟಿನಲ್ಲಿ ಈ ಕೋಣೆಗಳಿಲ್ಲ. ಹೆಚ್ಚೆಂದರೆ ಸುತ್ತ ಗಾಜಿನ ಹತ್ತಿ ತುಂಬಿದ ನೇರ ನಳಿಗೆ. ಅನಿಲ ಸಲೀಸಾಗಿ ಹರಿಯುತ್ತದೆ, ಎಂಜಿನ್ನಿನ ಬಲ ಹೆಚ್ಚುತ್ತದೆ ಎಂದು ಮಾರುವವರ ವಾದ. ಪಂದ್ಯದ ಕಾರುಗಳ ಮಟ್ಟಿಗೆ ಅದು ನಿಜವಿರಬಹುದು. ಹಿಂದಿನ ಡಬ್ಬಿಯೊಂದನ್ನೇ ಬದಲಿಸಿದ ಊರ ಕಾರಿಗೆ ಆಗುವ ಲಾಭ ಅಳೆಯಲೂ ಸಿಗದಷ್ಟು ಅತ್ಯಲ್ಪ. ಕೆಲವರು ಇನ್ನೂ ಮುಂದೆ ಹೋಗಿ, ವಿಷವಾಯುವನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತು ಹಾಕಿಸುತ್ತಾರೆ. ನನ್ನ ಮಗ ಆ ಪಾಪ ಮಾಡಿರಲಿಲ್ಲ. ಆ ಮಟ್ಟಿಗೆ ಅವನ ಪರವಾಗಿ ಸಾಕ್ಷಿ ಹೇಳುತ್ತೇನೆ.

ಪುಣೆಯಲ್ಲಿ ಇದ್ದುಕೊಂಡು ಈ ವಿಷಯದಲ್ಲಿ ಅಜ್ಞಾನದ ನೆಪ ಹೇಳುವಂತಿಲ್ಲ. ದೇಶದ ವಾಹನಗಳನ್ನು ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆ 1966ರಲ್ಲಿ ಹುಟ್ಟಿದ್ದು ಇಲ್ಲಿಯೇ. ಕೋಥರೂಡದ ನಮ್ಮ ಮನೆಯಿಂದ ಕಾಣುವ ಗುಡ್ಡವನ್ನು ಬೆಳಗಿನ ತಿರುಗಾಟದವರು ಎ.ಆರ್.ಎ.ಐ. ಟೇಕಡಿ ಎಂದೇ ಕರೆಯುತ್ತಾರೆ. ಸದ್ದಿನ ಪರೀಕ್ಷೆಯ ವಿಧಾನ ಸ್ವಾರಸ್ಯವಾಗಿದೆ. ಕಾರು ಓಡುವ ಗೆರೆಯಿಂದ ಏಳೂವರೆ ಮೀಟರು ದೂರದಲ್ಲಿ, ಎರಡೂ ಬದಿಗೆ ಮೈಕು ನಿಲ್ಲಿಸುತ್ತಾರೆ. ಕಾರು ಬಂದು ಅಲ್ಲಿ ಪೂರ್ತಿ ಗ್ಯಾಸು ಒತ್ತಿ ಹಾಯಬೇಕು. 2005ರಿಂದ ಜಾರಿಯಲ್ಲಿರುವ ಮಿತಿಯಂತೆ ಪ್ರಯಾಣಿಕರ ಕಾರು 74 ಡೆಸಿಬೆಲ್ ದಾಟುವಂತಿಲ್ಲ. ಡೆಸಿಬೆಲ್ಲಿನ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕವಲ್ಲ. 74 ಹೋಗಿ 84 ಆದರೆ ಹತ್ತು ಹೆಚ್ಚಾಯಿತು ಎಂದಲ್ಲ, ಸದ್ದಿನ ಶಕ್ತಿ ಹತ್ತು ಪಟ್ಟಾಯಿತು, ಕಿವಿಗೆ ಸುಮಾರು ಎರಡು ಪಟ್ಟಾಗಿ ಕೇಳಿಸಿತು ಎಂದು ಅರ್ಥ.

ಏಳೂವರೆ ಮೀಟರು ಎಂಬ ಆ ಅಂತರವನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಮೈಕನ್ನು ಡ್ರೈವರನ ತಲೆಯ ಹತ್ತಿರ ಇಟ್ಟಿಲ್ಲ. ರಸ್ತೆಯ ಬದಿಗೆ, ಕಾರಿಗೂ ತನಗೂ ಸಂಬಂಧವೇ ಇಲ್ಲದೆ ನಿಂತವನ ಜಾಗದಲ್ಲಿ ಇಟ್ಟಿದ್ದಾರೆ. ಯಾರ ಕಿವಿಯ ಪರವಾಗಿ ಅಳೆಯಬೇಕು ಎಂಬುದನ್ನು ತತ್ತ್ವಜ್ಞಾನಿಗಳಿಗಿಂತ ಮೊದಲು ಈ ಇಂಜಿನಿಯರುಗಳು ತೀರ್ಮಾನಿಸಿಬಿಟ್ಟಿದ್ದಾರೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರತಿ ವಾಹನಕ್ಕೂ ಸೈಲೆನ್ಸರು ಇರಲೇಬೇಕೆನ್ನುತ್ತವೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ನಮೂನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡಗಳೂ ಏರಿದವು. ಸದ್ದಿನ ಮಿತಿ ಮೀರಿದರೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸಿಗೂ ಕುತ್ತು. ಇಷ್ಟಾದರೂ ನಾನಾ ಪೇಠದ ಬಿಡಿಭಾಗಗಳ ಅಂಗಡಿಸಾಲಿನಿಂದ ಹಿಡಿದು ಹೊರವಲಯದ ಗ್ಯಾರೇಜುಗಳವರೆಗೆ ವ್ಯಾಪಾರ ನಡೆದೇ ಇದೆ. ಬುಲೆಟ್ಟಿನವರಿಗೆ ಇಂದೋರಿ ಬೇರೆ, ಪಂಜಾಬ್ ಬೇರೆ. ಮರಾಠಿ ಹುಡುಗರ ಬಾಯಲ್ಲಿ ಅದಕ್ಕೆ ಪುಂಗಳಿ ಎಂದು ಮುದ್ದಿನ ಹೆಸರು. ಜಪ್ತಿ ಮಾಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹಾಯಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಮಗನ ಕಾರಿಗೆ ಕೊಳವೆ ಹಾಕಿದ ಮೇಸ್ತ್ರಿ ನಮ್ಮ ವಿಜಯಪುರದ ಕಡೆಯವನು. ಕನ್ನಡ ಕೇಳಿ ಖುಷಿಯಾಗಿ ನನಗೆ ಸ್ಟೂಲು ಕೊಟ್ಟ. ಈ ಚಿತ್ರದ ಮಾತೆತ್ತಿದಾಗ ನಕ್ಕು, "ಸಾಹೇಬ್ರ, ರೋಲರ್ ಹಾಯ್ಸಿದ ಮರುವಾರ ನನ್ನ ಕಡೆ ಗಿರಾಕಿ ಹೆಚ್ಚ. ನಾ ಹಾಕಲಿಲ್ಲಂದ್ರ ಬಾಜೂ ಗ್ಯಾರೇಜಿನಾಂವ ಹಾಕ್ತಾನ್ರಿ" ಎಂದ. ಊರಿನಲ್ಲಿರುವ ತಾಯಿಗೆ ತಿಂಗಳಿಗೆ ಇಷ್ಟು ಎಂದು ಕಳಿಸುವ ಮನುಷ್ಯ. ಅವನಿಗೆ ಉಪದೇಶ ಮಾಡುವ ಧೈರ್ಯ ನನಗೆ ಬರಲಿಲ್ಲ.

ಇಷ್ಟಕ್ಕೂ ಸದ್ದೆಂದರೆ ನನಗೆ ಹೊಸತಲ್ಲ. ಪ್ರೆಸ್ ಶಾಪಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತುಟಿ ನೋಡಿಯೇ ತಿಳಿಯಬೇಕಾಗಿತ್ತು. ಮನೆಗೆ ಬಂದ ಮೇಲೂ ನಾನು ಕೂಗಿಯೇ ಮಾತನಾಡುತ್ತಿದ್ದೆನೆಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಆ ಸದ್ದಿನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು, ಆದರೆ ಅದಕ್ಕೊಂದು ಕಾರಣವಿತ್ತು. ತಗಡು ಬಾಗಬೇಕಾದರೆ ಅಚ್ಚು ಬಡಿಯಲೇಬೇಕು. ನಾವು ಮಾಡುತ್ತಿದ್ದುದು ತಗಡಿನ ಕೆಲಸ, ಸದ್ದು ಅದರ ಹಿಂದೆ ತಾನಾಗಿ ಬಂದದ್ದು. ಸದ್ದಿಲ್ಲದೆ ತಗಡು ಬಾಗುವುದಿದ್ದರೆ ನಾವು ಮೊದಲು ಕುಣಿಯುತ್ತಿದ್ದೆವು. ಮಗನ ಕೊಳವೆಯಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಅಲ್ಲಿ ಸದ್ದೇ ಸರಕು. 42,000 ರೂಪಾಯಿ ಕೊಟ್ಟು ತಂದ ಮೇಲೆ ಅದು ಸದ್ದು ಮಾಡದಿದ್ದರೆ ಹಣ ವಾಪಸು ಕೇಳಬೇಕಾಗುತ್ತದೆ.

ಜರ್ಮನ್ ತತ್ತ್ವಜ್ಞಾನಿ ಶೋಪೆನ್‌ಹೋವರ್ 1851ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸದ್ದು ಗದ್ದಲದ ಮೇಲೆಯೇ ಒಂದು ಪ್ರಬಂಧ ಬರೆದಿದ್ದಾನೆ. ಸುತ್ತಿಗೆಯ ಬಡಿತ, ನಾಯಿಯ ಬೊಗಳು ಇವೆಲ್ಲ ಕಿರುಕುಳವೇ. ಆದರೆ ಅವನ ಪ್ರಾಣ ತಿಂದದ್ದು ಬೀದಿಯಲ್ಲಿ ಗಾಡಿಯವರು ಸುಮ್ಮಸುಮ್ಮನೆ ಚಾವಟಿ ಝಳಪಿಸುವ ಸದ್ದು. ಕುದುರೆಗೆ ಅದರಿಂದ ಪ್ರಯೋಜನವಿಲ್ಲ, ಅದು ಎಂದೋ ಅದಕ್ಕೆ ಒಗ್ಗಿಹೋಗಿದೆ. ಗಾಡಿಯವನಿಗೆ ಮಾತ್ರ ತಾನಿದ್ದೇನೆಂದು ಸಾರುವ ಸುಖ. ಚಾವಟಿಯ ಜಾಗದಲ್ಲಿ ಕೊಳವೆಯನ್ನು ಇಟ್ಟರೆ ಇಡೀ ಪ್ರಬಂಧ ನಿನ್ನೆ ಬರೆದಂತಿದೆ. ಆದರೂ ಆ ಪಂಡಿತನ ಒಂದು ಮಾತು ನನಗೆ ಸೇರುವುದಿಲ್ಲ. ಆಳವಾಗಿ ಯೋಚಿಸುವವರ ಚಿಂತನೆ ಕಡಿದುಹೋಗುತ್ತದೆ ಎಂಬುದೇ ಅವನ ಮುಖ್ಯ ದೂರು. ಸದ್ದು ಸಹಿಸುವವರ ತಲೆಯಲ್ಲಿ ವಿಚಾರಶಕ್ತಿ ಕಡಿಮೆ ಎಂಬ ಧೋರಣೆ ಬೇರೆ. ನಮ್ಮ ಸೊಸೈಟಿಯಲ್ಲಿ ತತ್ತ್ವಜ್ಞಾನಿಗಳು ಯಾರೂ ಇಲ್ಲ. ನೆಲಮಹಡಿಯಲ್ಲಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಮಾಡುವ ನರ್ಸಬಾಯಿ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗುತ್ತಾರೆ. ಎಂಟೂವರೆಗೆ ಯಾರು ಮಲಗುತ್ತಾರೆ ಎಂದು ಮಗ ಕೇಳಿದ್ದ ಪ್ರಶ್ನೆಗೆ ಉತ್ತರ ಎರಡು ಮಹಡಿ ಕೆಳಗೇ ಇತ್ತು. ಅವರ ಒಂದು ತಾಸಿನ ನಿದ್ದೆ ಯಾವ ಗ್ರಂಥಕ್ಕಿಂತ ಕಡಿಮೆ ಎಂದು ನನಗೆ ಅನಿಸುವುದಿಲ್ಲ.

ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಮಗ ಕಾರಿಗೆ ಕೇಸರಿ ಬಣ್ಣ ಬಳಿದಿದ್ದರೆ ಒಪ್ಪದವರು ಮುಖ ತಿರುಗಿಸಿಕೊಂಡಾರು. ಸದ್ದಿನಿಂದ ತಿರುಗಿಸಿಕೊಳ್ಳುವುದು ಎಲ್ಲಿಗೆ? 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಸದ್ದಿನ ಬಗ್ಗೆ ಕೊಟ್ಟ ದೊಡ್ಡ ತೀರ್ಪಿನ ತಿರುಳೂ ಇದೇ. ಮಾತನಾಡುವ ಹಕ್ಕು ನಿನಗಿದ್ದರೆ ಕೇಳದೆ ಇರುವ ಹಕ್ಕು ಇನ್ನೊಬ್ಬನಿಗಿದೆ, ನೆಮ್ಮದಿಯೂ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು.

ಇಲ್ಲಿಗೆ ನನ್ನ ಗೆಲುವಾಯಿತು ಎಂದುಕೊಂಡು ಮಗನನ್ನು ಕೂರಿಸಿಕೊಂಡು ಇದೆಲ್ಲವನ್ನೂ ಹೇಳಿದೆ. ಅವನು ಕೇಳಿದ: "ಹಂಗಾದ್ರ ಸವಾಯಿ ಗಂಧರ್ವ?"

ಓದುಗ ಬಾಂಧವರೇ, ನನ್ನ ಬಾಯಿ ಕಟ್ಟಿತು. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ, ಅವರ ಶಿಷ್ಯರಾದ ನಮ್ಮ ಭೀಮಸೇನ ಜೋಶಿಯವರು ಮುಂದಾಳಾಗಿ 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಸಂಗೀತ ಮಹೋತ್ಸವವನ್ನು ಪುಣೆಯ ಕನ್ನಡಿಗನಿಗೆ ವಿವರಿಸಬೇಕಾಗಿಲ್ಲ. ರಮಣಬಾಗ ಶಾಲೆಯ ಮೈದಾನದಲ್ಲಿ ಡಿಸೆಂಬರಿನ ಚಳಿಗೆ ಕಂಬಳಿ ಹೊದ್ದು, ಥರ್ಮಾಸಿನಲ್ಲಿ ಚಹಾ ಇಟ್ಟುಕೊಂಡು ಇಡೀ ರಾತ್ರಿ ಕೂತವರಲ್ಲಿ ನಾನೂ ಒಬ್ಬ. ಬೆಳಗಿನ ಜಾವಕ್ಕೆ ಭೀಮಸೇನರ ದನಿ ಏರಿದಾಗ ಗದಗ, ಧಾರವಾಡಗಳೆಲ್ಲ ಅಲ್ಲಿಗೇ ಬಂದು ಕೂತಂತೆ ಅನಿಸುತ್ತಿತ್ತು. ಅದೂ ಧ್ವನಿವರ್ಧಕದಲ್ಲಿಯೇ. ಸುತ್ತಲಿನ ಪೇಠಗಳ ಮಾಳಿಗೆಗಳ ಮೇಲೆ ಮಲಗಿದಲ್ಲೇ ಕೇಳಿ ಧನ್ಯರಾದವರು ಇದ್ದರು. ಮರುದಿನ ಬೆಳಿಗ್ಗೆ ಮೊದಲ ಪಾಳಿಗೆ ಹೋಗಬೇಕಾದವರು, ಹಸುಗೂಸಿನ ತಾಯಂದಿರು, ಕಾಯಿಲೆಯವರು ಸಹ ಇದ್ದಿರಲೇಬೇಕು. ಅವರನ್ನು ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ಬಂದು, ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡ, ವರ್ಷದ ಕೆಲವೇ ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಎಂದಾಗ ಇಡೀ ರಾತ್ರಿಯ ಆ ಪರಂಪರೆ ಹೋಯಿತು. ಅಂದು ಆ ನಿಯಮಗಳನ್ನು ಶಪಿಸಿದವರ ಸಾಲಿನಲ್ಲಿ ನಾನೂ ನಿಂತಿದ್ದೆ. ಈಗ ಅದೇ ನಿಯಮಗಳ ಪುಸ್ತಕ ಹಿಡಿದು ಮಗನ ಮುಂದೆ ನಿಂತಿದ್ದೇನೆ.

ಅದು ಸಂಗೀತ, ಇದು ಗದ್ದಲ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಮಗ ಅದನ್ನು ದನಿ ಎಂದೇ ಕರೆದಿದ್ದನಲ್ಲ! ಭೀಮಸೇನರಿಗೇ ಕಾರುಗಳೆಂದರೆ ಪ್ರಾಣ. ದೂರದೂರದ ಕಛೇರಿಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು, ಎಂಜಿನ್ನಿನ ಒಳಗುಟ್ಟನ್ನೂ ಬಲ್ಲವರಾಗಿದ್ದರು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಶ್ರುತಿಯ ಕಿವಿಗೆ ಒಳ್ಳೆಯ ಎಂಜಿನ್ನಿನ ಗುಂಯ್‌ಗುಟ್ಟುವಿಕೆ ಸುಖ ಕೊಡುವುದಿಲ್ಲ ಎಂದು ಹೇಳಲು ನಾನು ಯಾರು? ಇನ್ನೊಂದು ನಿಜವನ್ನೂ ಒಪ್ಪಿಬಿಡುತ್ತೇನೆ. ಮೊದಲ ಸಲ ಮಗನ ಪಕ್ಕ ಕುಳಿತು ಹೊರಟಾಗ, ಮೂರನೆಯ ಗೇರಿನಲ್ಲಿ ಆ ದನಿ ಕೆಳಗಿನಿಂದ ಎದ್ದು ಎದೆಯೊಳಗೆ ಹೊಕ್ಕಾಗ, ಈ ಮುದುಕನಿಗೂ ರೋಮಾಂಚನವಾಯಿತು. ಎಡಗಿವಿಗೂ ಚೂರು ಕೇಳಿಸಿತು.

ಆದ್ದರಿಂದ ಸದ್ದಿನ ಗುಣದ ಮೇಲೆ ತೀರ್ಪು ಕೊಡುವ ಪ್ರಯತ್ನ ಬಿಟ್ಟೆ. ನನಗೆ ಸಂಗೀತವಾದದ್ದು ಪೇಠದ ಕಾಯಿಲೆಯವನಿಗೆ ಕಾಟ, ಮಗನಿಗೆ ಸಂಗೀತವಾದದ್ದು ನರ್ಸಬಾಯಿಗೆ ಕಾಟ. ನನ್ನ ರಾತ್ರಿಗಳಿಗೆ ನಾನು ಯಾವ ಬೆಲೆಯನ್ನೂ ತೆರಲಿಲ್ಲ, ಬೇರೆಯವರು ತೆತ್ತರು ಎಂಬ ಲೆಕ್ಕ ಈಗ, ಎಪ್ಪತ್ತರ ಅಂಚಿನಲ್ಲಿ, ಗೊತ್ತಾಯಿತು.

ಮಗನ ಎರಡನೆಯ ಮಾತು ಇನ್ನೂ ಆಳಕ್ಕೆ ಹೋಯಿತು. "ಅಪ್ಪಾ, ನೀವು ಸುಮ್ಮನಿದ್ದದ್ದು ಮಂದೀ ಮ್ಯಾಲಿನ ಕಾಳಜಿಂದಲ್ಲ. ಅಂಜಿಕಿಂದ. ನಾ ಯಾಕ ಅಂಜಬೇಕು? ನಾ ಇಲ್ಲೇ ಹುಟ್ಟೇನಿ."

ನಮ್ಮ ಸಂಘದ ಹಿರಿಯ ಓದುಗರು ಈ ಮಾತನ್ನು ತಮ್ಮ ಮನೆಯಲ್ಲೂ ಕೇಳಿದ್ದೀರೇನೋ. ನಾನು ಪುಣೆಗೆ ಬಂದದ್ದು 1979ರಲ್ಲಿ. ಚಿಂಚವಡದ ಒಂದು ಖೋಲಿಯಲ್ಲಿ ನಾಲ್ವರು. ರಾತ್ರಿ ರೇಡಿಯೋದಲ್ಲಿ ಧಾರವಾಡ ಸ್ಟೇಶನ್ ಹಚ್ಚಿದರೂ ದನಿಯನ್ನು ಎಷ್ಟು ಸಣ್ಣದು ಮಾಡುತ್ತಿದ್ದೆವೆಂದರೆ, ನಾಲ್ಕು ತಲೆಗಳು ಆ ಡಬ್ಬಿಗೆ ತಾಗಿಕೊಂಡೇ ಇರಬೇಕು. ಗಡಿಯ ವಿಷಯ ಕಾವೇರಿದಾಗಲೆಲ್ಲ ಬಸ್ಸಿನಲ್ಲಿ ನಮ್ಮ ಕನ್ನಡ ತಾನಾಗಿ ಪಿಸುಮಾತಿಗೆ ಇಳಿಯುತ್ತಿತ್ತು. ಮನೆಯ ಮಾಲಕರು ಒಳ್ಳೆಯವರೇ. ನಮಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೂ ಬೇರೆಯವರ ಊರಿನಲ್ಲಿದ್ದೇವೆ, ನಮ್ಮಿಂದ ಸದ್ದಾಗಬಾರದು ಎಂಬುದು ಮೈಗೆ ಹತ್ತಿಬಿಟ್ಟಿತ್ತು. ಮಕ್ಕಳು ಓಡಾಡಿದರೆ ಗದರಿದೆವು, ಮಿಕ್ಸರನ್ನು ಎಂಟರ ಮೇಲೆ ಹಚ್ಚಲಿಲ್ಲ. ಅದನ್ನೇ ಸಭ್ಯತೆ ಎಂದು ಕರೆದೆವು. ಮಗ ಅದಕ್ಕೆ ಅದರ ನಿಜವಾದ ಹೆಸರು ಹೇಳಿದ, ಅಥವಾ ಅರ್ಧ ನಿಜವಾದ ಹೆಸರು.

ಅಂಜಿ ಸುಮ್ಮನಿರುವವನನ್ನು ಸದ್ಗುಣಿ ಎನ್ನಲಾಗದು. ಬೈಯಲು ತ್ರಾಣವಿಲ್ಲದವನ ಕ್ಷಮೆಯಂತೆ ಅದು. ನನ್ನ ಮಗ ಈ ಊರಿನ ಬೀದಿಯನ್ನು ತನ್ನದೆಂದು ತಿಳಿದುಕೊಂಡಿದ್ದಾನೆ, ಗಣೇಶ ವಿಸರ್ಜನೆಯಲ್ಲಿ ಢೋಲು ಹೊಡೆಯುತ್ತಾನೆ, ನನಗಿಂತ ಒಳ್ಳೆಯ ಮರಾಠಿಯಲ್ಲಿ ಜಗಳಾಡುತ್ತಾನೆ. ಆ ಹಕ್ಕು ನನಗೆ ಇರಲಿಲ್ಲ, ಅವನಿಗಿದೆ ಎಂಬುದು ನನಗೆ ಹೆಮ್ಮೆ. ಆದರೆ ಸದ್ದು ಮಾಡಬಲ್ಲವನಾಗಿ ಸದ್ದು ಮಾಡದೆ ಇರುವುದು ಎಂಬುದೊಂದಿದೆ. ಅದನ್ನು ಅವನಿಗೆ ತೋರಿಸಿಕೊಡಲು ನನ್ನ ಬದುಕಿನಲ್ಲಿ ಒಂದೂ ಉದಾಹರಣೆ ಸಿಗಲಿಲ್ಲ. ಎಲ್ಲದರಲ್ಲೂ ಒಂದಿಷ್ಟು ಅಂಜಿಕೆ ಬೆರೆತಿತ್ತು.

ಮಾತುಕತೆಯಾದ ಎರಡು ವಾರಕ್ಕೆ ಮಗ ತಾನಾಗಿ ಒಂದು ರಾಜಿಸೂತ್ರ ತಂದ. ಇನ್ನಷ್ಟು ಹಣ ಸುರಿದು ಕೊಳವೆಗೆ ಒಂದು ವಾಲ್ವ್ ಹಾಕಿಸಿದ. ಕೈಯಲ್ಲೊಂದು ಸಣ್ಣ ರಿಮೋಟು. ಗುಂಡಿ ಒತ್ತಿದರೆ ಕೊಳವೆಯೊಳಗಿನ ಮುಚ್ಚಳ ಮುಚ್ಚಿ ಅನಿಲ ಸೈಲೆನ್ಸರಿನ ಮೂಲಕ ಹೋಗುತ್ತದೆ, ಕಾರು ಬೆಕ್ಕಿನಂತೆ ನಡೆಯುತ್ತದೆ. ಮತ್ತೆ ಒತ್ತಿದರೆ ಹುಲಿ. ಇದೂ ಹಳೆಯ ಉಪಾಯವೇ. ಶತಮಾನದ ಹಿಂದಿನ ಮೋಟಾರುಗಳಲ್ಲೂ ಕಟ್-ಔಟ್ ಎಂಬ ಇಂಥದೇ ಕಿಂಡಿ ಇರುತ್ತಿತ್ತು, ಊರೂರುಗಳು ಅದನ್ನು ನಿಷೇಧಿಸಿದವು. ನಮ್ಮ 2019ರ ತಿದ್ದುಪಡಿಯೂ ಅದನ್ನು ಗುರುತಿಸಿ ಮೊದಲ ಸಲಕ್ಕೆ ಒಂದು ಸಾವಿರ, ಆಮೇಲೆ ಎರಡು ಸಾವಿರ ರೂಪಾಯಿ ದಂಡವಿಟ್ಟಿದೆ. ಮಗನಿಗೆ ಹೇಳಿದೆ. "ಅದನ್ನ ಹಿಡಿದ್ರ ಕಟ್ತೇನಿ" ಎಂದ. ಇರಲಿ. ಸೊಸೈಟಿಯಲ್ಲಿ ಮಾತ್ರ ಅಂದಿನಿಂದ ಶಾಂತಿ. ನರ್ಸಬಾಯಿ ಎದುರು ಸಿಕ್ಕಾಗ ನಕ್ಕು "ಥ್ಯಾಂಕ್ಯೂ ಕಾಕಾ" ಎಂದರು. ನಾನು ಏನನ್ನೂ ಮಾಡದೆ ಆ ಪುಣ್ಯ ಕಟ್ಟಿಕೊಂಡೆ.

ನಿಜವಾದ ಪ್ರಶ್ನೆ ಆ ಗುಂಡಿಯಿಂದ ಶುರುವಾಯಿತು. ಒಂದು ಭಾನುವಾರ ನಸುಕಿನಲ್ಲಿ ಲವಾಸಾ ರಸ್ತೆಗೆ ಕರೆದುಕೊಂಡು ಹೋದ. ಪುಣೆಯ ಹುಡುಗರು ಕಾರು, ಬೈಕುಗಳ ಹುರುಪು ತೀರಿಸಿಕೊಳ್ಳುವ ರಸ್ತೆ ಅದು. ಗೇಟು ದಾಟುವವರೆಗೆ ಬೆಕ್ಕು. ಪಿರಂಗುಟ ದಾಟಿ ಘಟ್ಟ ಹತ್ತುವಾಗ ಬೆರಳು ಗುಂಡಿಗೆ ಹೋಯಿತು. ಟೇಮಘರ ಅಣೆಕಟ್ಟಿನ ಕಡೆಗೆ ಒಂದು ತಿರುವಿನಲ್ಲಿ ಏಳೆಂಟು ಮನೆಗಳ ವಾಡಿ. ಆರಕ್ಕಿನ್ನೂ ಹತ್ತು ನಿಮಿಷವಿತ್ತು. ಒಬ್ಬ ಹೆಣ್ಣುಮಗಳು ಹಾಲಿನ ಕ್ಯಾನು ಹಿಡಿದು ರಸ್ತೆಯ ಬದಿಗೆ ನಿಂತಿದ್ದಳು. ಕಂಕುಳಲ್ಲಿ ಮಗು. ನಾವು ಹಾಯ್ದಾಗ ಕ್ಯಾನನ್ನು ಕೆಳಗಿಟ್ಟು ಅಂಗೈಯಿಂದ ಮಗುವಿನ ಕಿವಿ ಮುಚ್ಚಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಪ್ರತಿ ಭಾನುವಾರ ಮಾಡುವ ಕೆಲಸವನ್ನು ಮಾಡಿದಂತಿತ್ತು. ಏಳೂವರೆ ಮೀಟರೂ ದೂರವಿರಲಿಲ್ಲ.

"ಆಕೀಗೆ ತ್ರಾಸಾತು" ಎಂದೆ.

"ಯಾರಿಗೆ?" ಎಂದ. ಅವನು ರಸ್ತೆ ನೋಡುತ್ತಿದ್ದ, ನೋಡಲೂ ಬೇಕಿತ್ತು.

ಇದೇ ನನಗೆ ಕಾಡುವುದು. ಮಗ ಕಟುಕನಲ್ಲ. ನರ್ಸಬಾಯಿಯ ವಿಷಯ ತಿಳಿದೊಡನೆ ಸ್ವಂತ ಹಣ ಹಾಕಿ ವಾಲ್ವ್ ಕೂರಿಸಿದ. ಏಕೆಂದರೆ ಆಕೆಗೆ ಹೆಸರಿದೆ, ಲಿಫ್ಟಿನಲ್ಲಿ ಸಿಗುತ್ತಾಳೆ, ಸಂಕ್ರಾಂತಿಗೆ ಎಳ್ಳು ಕೊಡುತ್ತಾಳೆ. ವಾಡಿಯ ಹೆಣ್ಣುಮಗಳಿಗೆ ಹೆಸರಿಲ್ಲ. ನಮ್ಮ ಪುಣ್ಯಪಾಪಗಳೆಲ್ಲ ಹೆಸರು ಗೊತ್ತಿದ್ದವರ ವಿಳಾಸಕ್ಕೆ ಮಾತ್ರ ಹೋಗುವ ಟಪಾಲೇ? ರಮಣಬಾಗದ ಸುತ್ತ ನಿದ್ದೆಗೆಟ್ಟವರ ಹೆಸರು ನನಗೂ ಗೊತ್ತಿರಲಿಲ್ಲ. ಗುಂಡಿ ಇರದಿದ್ದಾಗ ಮಗ ಎಲ್ಲರಿಗೂ ಒಂದೇ ಬಗೆಯ ಕಾಟ ಕೊಡುತ್ತಿದ್ದ. ಗುಂಡಿ ಬಂದ ಮೇಲೆ, ಯಾರಿಗೆ ಬೆಕ್ಕು ಯಾರಿಗೆ ಹುಲಿ ಎಂದು ದಿನವೂ ಆರಿಸುತ್ತಾನೆ. ಯಾವುದು ಮೇಲು ಎಂದು ಕೇಳಿದರೆ, ನಿದ್ದೆ ಮಾಡುವ ನರ್ಸಬಾಯಿಯನ್ನು ನೆನೆದು ಗುಂಡಿಯೇ ಮೇಲು ಎನ್ನುತ್ತೇನೆ. ಆದರೂ ಆ ಆರಿಸುವ ಬೆರಳನ್ನು ಕಂಡರೆ ನನಗೆ ಕಸಿವಿಸಿ.

ಬಿಜಲಿ ಕಾರುಗಳು ಬಂದರೆ ಈ ತಕರಾರೇ ಮುಗಿಯುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಹಾಗೇನೂ ಕಾಣುವುದಿಲ್ಲ. ಸದ್ದಿಲ್ಲದ ಕಾರು ಬಂದದ್ದು ಕುರುಡರಿಗೆ, ಮಕ್ಕಳಿಗೆ ತಿಳಿಯುವುದಿಲ್ಲವೆಂದು ಯುರೋಪಿನಲ್ಲಿ 2019ರಿಂದ ಹೊಸ ಮಾದರಿಗಳಿಗೆ ಎಚ್ಚರಿಕೆಯ ದನಿ ಕಡ್ಡಾಯವಾಗಿದೆ. ಅದು ನ್ಯಾಯ. ಇನ್ನು ಕೆಲವು ಕಂಪನಿಗಳು ಬಿಜಲಿ ಕಾರಿಗೆ ಸ್ಪೀಕರು ಕೂರಿಸಿ ಪೆಟ್ರೋಲ್ ಎಂಜಿನ್ನಿನ ಗರ್ಜನೆಯನ್ನೇ ನಕಲು ಮಾಡಿಸುತ್ತಿವೆ. ಬೆಂಕಿ ಆರಿದ ಮೇಲೂ ಹೊಗೆ ಬೇಕೆಂಬವರು ಇದ್ದೇ ಇರುತ್ತಾರೆ.

ದೀಪಾವಳಿಗೆ ಅದೇ ಕಾರಿನಲ್ಲಿ ಊರಿಗೆ ಹೊರಟೆವು. ಚಿಕ್ಕೋಡಿಯ ಆಚೆ ನಮ್ಮ ಹಳ್ಳಿ. ತೊಂಬತ್ತು ದಾಟಿದ ನನ್ನ ತಾಯಿ ಇನ್ನೂ ಇದ್ದಾಳೆ. ಕಾತ್ರಜದ ಸುರಂಗ ಬಂದಾಗ ಮಗ ಗುಂಡಿ ಒತ್ತಿದ. ಸುರಂಗದ ಗೋಡೆಗಳಿಗೆ ಬಡಿದು ಮರಳುವ ಆ ದನಿಯ ಆಸೆ ಅವನಿಗೆ ತಡೆಯುವುದಿಲ್ಲ. ಖಂಬಾಟಕಿ ಘಟ್ಟದಲ್ಲಿ, ಸಾತಾರೆಯ ಬಳಿ, ಕರಾಡದ ಸೇತುವೆಯ ಮೇಲೆ ಮನಸ್ಸು ಬಂದಂತೆ ತೆರೆದ, ಮುಚ್ಚಿದ. ಕಾಗಲ ದಾಟಿ, ದೂಧಗಂಗೆಯನ್ನು ದಾಟಿ, ಬೋರ್ಡುಗಳ ಮೇಲಿನ ಅಕ್ಷರ ಕನ್ನಡವಾದೊಡನೆ ಯಾರೂ ಹೇಳದೆ ಮುಚ್ಚಿದ. ನಿಪ್ಪಾಣಿಯಲ್ಲಿ ಮುಖ್ಯ ರಸ್ತೆ ಬಿಟ್ಟು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಊರು ಮುಟ್ಟುವವರೆಗೆ ಅದನ್ನು ತೆರೆಯಲಿಲ್ಲ. ನನಗೆ ಮೊದಲು ಆದದ್ದು ಸಂತೋಷ. ನಮ್ಮ ಮಂದಿ ಎಂಬ ಅಭಿಮಾನ ಹುಡುಗನಲ್ಲಿ ಉಳಿದಿದೆಯಲ್ಲ ಎಂದು. ರಾತ್ರಿ ಅಟ್ಟದ ಮೇಲೆ ಮಲಗಿದಾಗ ಆ ಸಂತೋಷ ಚುಚ್ಚತೊಡಗಿತು. ಕರಾಡಿನಲ್ಲಿ ರಸ್ತೆಯ ಬದಿಗಿದ್ದವರೂ ಯಾರದೋ ಮಂದಿಯೇ. ನಲವತ್ತೈದು ವರ್ಷ ಅನ್ನ ಕೊಟ್ಟ ನಾಡಿನ ಮಂದಿ.

ಮರಳುವಾಗ ಅವನ ತಾಯಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಆಕೆಯ ದೆಸೆಯಿಂದ ಕರಾಡದವರೆಗೂ ಕಾರು ಬೆಕ್ಕಾಗಿಯೇ ಬಂತು. ಅಲ್ಲಿ ಎದ್ದು ಚಹಾ ಬೇಕೆಂದಳು. ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ನಿಂತೆವು. ಅಜ್ಜಿ ಕಟ್ಟಿಕೊಟ್ಟ ಕರದಂಟನ್ನು ಮಗ ಟೇಬಲ್ಲಿನ ಮೇಲೆ ಬಿಚ್ಚಿದ, ಚಹಾ ತಂದ ಹುಡುಗನಿಗೂ ಒಂದು ತುಂಡು ಕ��ಟ್ಟು ಅವನ ಹೆಸರು ಕೇಳಿದ. ಮತ್ತೆ ಹೊರಟೆವು. ಸಾತಾರೆ ಹಿಂದಾಯಿತು, ಘಟ್ಟ ಹಿಂದಾಯಿತು. ಗುಂಡಿಯನ್ನು ಅವನೂ ಮುಟ್ಟಲಿಲ್ಲ, ನಾನೂ ಮಾತೆತ್ತಲಿಲ್ಲ. ಕಾತ್ರಜದ ಸುರಂಗ ಬಂದಾಗ ಒತ್ತಿದ.